ಮೊದಲು ಕಾರ್ಪೆಟ್ ಎತ್ತಿ ತೋರಿಸಿ ಅನ್ನಿ

ಪ್ರಶ್ನೆ: ನಮಸ್ಕಾರ ಸರ್. ನಾನು ಸಾಗರದ ಕಡೆಯವನು, ಹನ್ನೊಂದು ವರ್ಷದಿಂದ ಮಿನೆಸೋಟಾದ ರಾಚೆಸ್ಟರ್‌ನಲ್ಲಿದ್ದೇನೆ. ಮಕ್ಕಳಿಬ್ಬರಿಗೂ ವಾಟರ್ ಸ್ಕೀಯಿಂಗ್, ಅಂದರೆ ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟದ, ಹುಚ್ಚು ಹಿಡಿದಿದೆ. ಗೆಳೆಯರ ಬೋಟನ್ನು ಎಷ್ಟು ಸಲ ಅಂತ ಕೇಳೋದು? ಹೊಸ ಸ್ಕೀ ಬೋಟ್ ಲಕ್ಷ ಡಾಲರ್ ದಾಟುತ್ತದೆ, ಅದು ನಮ್ಮಿಂದಾಗದ ಮಾತು. ಈಗ ಲೇಕ್ ಪೆಪಿನ್ ಹತ್ತಿರ ಒಬ್ಬರು 1987ರ ‘ಸ್ಕೀ ನಾಟಿಕ್ 2001’ ಅನ್ನುವ ಬೋಟ್ ಮಾರುತ್ತಿದ್ದಾರೆ. ‘ಪೂರ್ತಿ ರೀಸ್ಟೋರ್ ಮಾಡಿದ್ದು’ ಅನ್ನುತ್ತಾರೆ. ಹೊಸ ಸೀಟು, ಹೊಸ ಕಾರ್ಪೆಟ್, ಮೈಗೆಲ್ಲ ಪಾಲಿಶ್, ಎಂಜಿನ್ ರೀಬಿಲ್ಡ್. ಎಂಜಿನ್ ಓಡಿದ್ದು ಮೀಟರ್‌ನಲ್ಲಿ 610 ಗಂಟೆ ಇದೆ. ಕೇಳುತ್ತಿರುವುದು 14,500 ಡಾಲರ್. ಫೋಟೋದಲ್ಲಂತೂ ಶೋರೂಮಿನಿಂದ ಈಗ ತಾನೇ ಇಳಿಸಿದ ಹಾಗಿದೆ. ತಗೊಳ್ಳಬಹುದಾ? ಹೆಂಡತಿ ‘ಮೊದಲು ಗೊತ್ತಿದ್ದವರನ್ನು ಕೇಳಿ’ ಅಂದಿದ್ದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಉತ್ತರ: ನಿಮ್ಮ ಮನೆಯವರಿಗೆ ಮೊದಲು ಥ್ಯಾಂಕ್ಸ್ ಹೇಳಿ. ಫೋಟೋ ನೋಡಿ ಅಡ್ವಾನ್ಸ್ ಕೊಟ್ಟು ಆಮೇಲೆ ಬರೆಯುವವರೇ ಜಾಸ್ತಿ.

ಬೋಟ್ ಒಳ್ಳೆಯದೇ. ಫ್ಲೋರಿಡಾದಲ್ಲಿ 1925ರಲ್ಲಿ ಶುರುವಾದ ಕರೆಕ್ಟ್ ಕ್ರಾಫ್ಟ್ ಕಂಪನಿಯದ್ದು. 2001 ಅನ್ನುವ ಮಾಡೆಲ್ 80ರ ದಶಕದಲ್ಲಿ ಸ್ಕೀ ಮಾಡುವವರ ಕಣ್ಮಣಿ ಆಗಿತ್ತು, ಈಗಲೂ ಅದಕ್ಕೆ ಅಭಿಮಾನಿಗಳಿದ್ದಾರೆ. ಊರೂ ಸರಿಯಾಗಿಯೇ ಸಿಕ್ಕಿದೆ. ಅದೇ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಅನ್ನುವ ಹುಡುಗ, ಹದಿನೆಂಟು ತುಂಬುವ ಹಿಂದಿನ ದಿನ, 1922ರಲ್ಲಿ, ಎಂಟಡಿ ಉದ್ದದ ಪೈನ್ ಹಲಗೆಗಳ ತುದಿಯನ್ನು ಕುದಿನೀರಲ್ಲಿ ಬಗ್ಗಿಸಿ ಕಾಲಿಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತದ್ದು. ವಾಟರ್ ಸ್ಕೀಯಿಂಗ್ ಹುಟ್ಟಿದ್ದೇ ಅಲ್ಲಿ. ಇರಲಿ, ಅದಕ್ಕೆ ಬೋಟಿನ ಬೆಲೆ ಏರಬೇಕಾಗಿಲ್ಲ.

ನೀವು ಬರೆದ ಪಟ್ಟಿಯನ್ನು ಇನ್ನೊಂದು ಸಲ ಓದಿ. ಸೀಟು, ಕಾರ್ಪೆಟ್, ಪಾಲಿಶ್. ಮೂರೂ ಕಣ್ಣಿಗೆ ಕಾಣುವಂಥವು. ಈ ಕಾಲದ ಬೋಟಿನ ಪ್ರಾಣ ಇರುವುದು ಕಾಣದ ಜಾಗದಲ್ಲಿ, ನೆಲದ ಕೆಳಗೆ. ಅಲ್ಲಿ ಮುಂದಿನಿಂದ ಹಿಂದಿನವರೆಗೆ ಉದ್ದಕ್ಕೆ ತೊಲೆಗಳಿರುತ್ತವೆ, ಅವಕ್ಕೆ ಸ್ಟ್ರಿಂಗರ್ ಅನ್ನುತ್ತಾರೆ. ಇಡೀ ಬೋಟನ್ನು ಬಿಗಿಯಾಗಿ ಹಿಡಿದಿರುವುದು ಅವು, ಎಂಜಿನ್ ಕೂತಿರುವುದೂ ಅವುಗಳ ಮೇಲೆಯೇ. ನಾಟಿಕ್‌ನಲ್ಲಿ 1993ರ ಸುಮಾರಿಗೆ ಮರ ಬಿಟ್ಟು ಪೂರ್ತಿ ಫೈಬರ್ ಸ್ಟ್ರಿಂಗರ್ ಬಂತು. 1987ರದ್ದು ಅಂದರೆ ಒಳಗೆ ಮರ, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಆ ಹೊದಿಕೆಗೆ ಕೊರೆದ ಒಂದೊಂದು ಸ್ಕ್ರೂ ತೂತಿನಿಂದಲೂ ಮೂವತ್ತೈದು–ನಲವತ್ತು ವರ್ಷ ನೀರು ಇಳಿದಿರುತ್ತದೆ. ನೆಲದ ಕೆಳಗೆ ತುಂಬಿದ ಫೋಮ್ ಆ ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಮರ ಲಡ್ಡಾಗದೆ ಇದ್ದರೆ ಅದೇ ಆಶ್ಚರ್ಯ.

ಹಾಗಾಗಿ ಮಾರುವವರಿಗೆ ಮೊದಲ ಪ್ರಶ್ನೆ ಇದೊಂದೇ: ‘ನೆಲ ಕಿತ್ತಿದ್ದಿರಾ? ಸ್ಟ್ರಿಂಗರ್ ಬದಲಾಯಿಸಿದ್ದಿರಾ? ಫೋಟೋ ಇದೆಯಾ?’

ಅಷ್ಟು ಕೆಲಸ ನಿಜವಾಗಿ ಮಾಡಿದ ಮನುಷ್ಯನ ಹತ್ತಿರ ಫೋಟೋ ಇರದೆ ಇರುವುದಿಲ್ಲ. ಎಂಜಿನ್ ಎತ್ತಿ ಹೊರಗಿಟ್ಟು, ನೆಲ ಕತ್ತರಿಸಿ, ಕೆಜಿಗಟ್ಟಲೆ ಒದ್ದೆ ಫೋಮ್ ಕೆತ್ತಿ ತೆಗೆದು, ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಮೈಯೆಲ್ಲ ಫೈಬರ್ ಪುಡಿ ತುರಿಸಿಕೊಂಡು ಕೂತವನು ಕೇಳದಿದ್ದರೂ ಇನ್ನೂರು ಫೋಟೋ ತೋರಿಸಿ ನಿಮ್ಮ ತಲೆ ತಿನ್ನುತ್ತಾನೆ. ಫೋಟೋ ಇಲ್ಲ, ಬಿಲ್ ಇಲ್ಲ, ‘ನಾನು ತಗೊಂಡಾಗಲೇ ಚೆನ್ನಾಗಿತ್ತು’ ಅಂದರೆ ಅದು ರೀಸ್ಟೋರ್ ಅಲ್ಲ ಮಾರಾಯ್ರೇ, ಸುಣ್ಣ ಬಳಿದದ್ದು.

ನಾನೂ ಒಮ್ಮೆ ಹೀಗೆ ಮೋಸ ಹೋದವನೇ. ಮಿಷಿಗನ್‌ನಲ್ಲಿದ್ದಾಗ ಇದೇ ಕಾಲದ ಒಂದು ಬೋಟ್ ತಗೊಂಡೆ. ಹೊಸ ಬೂದು ಕಾರ್ಪೆಟ್, ಕಾಲಿಟ್ಟರೆ ಮೆತ್ತಗೆ. ಆ ಮೆತ್ತಗೆ ಕಾರ್ಪೆಟ್‌ದಲ್ಲ, ಕೆಳಗಿನ ನೆಲದ್ದು ಅಂತ ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಎಂಜಿನ್ ಮೌಂಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಹೊರಗೆ ಎಳೆದರೆ ಥ್ರೆಡ್ ತುಂಬ ಕಾಫಿ ಚರಟದ ಹಾಗೆ ಕಪ್ಪು, ಒದ್ದೆ ಪುಡಿ. ನಮ್ಮ ಮಾವ ಮಲ್ಪೆಯಲ್ಲಿ ಹಳೇ ದೋಣಿ ನೋಡುವಾಗ ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಕೊಡುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದ ನಾನು ಬಣ್ಣ ನೋಡಿ ದುಡ್ಡು ಕೊಟ್ಟಿದ್ದೆ.

ನೀವು ಹೋಗುವಾಗ ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ ಒಯ್ಯಿರಿ. ಎಂಜಿನ್ ಮುಚ್ಚಳ ಎತ್ತಿದರೆ ಅಕ್ಕಪಕ್ಕದಲ್ಲಿ ಸ್ಟ್ರಿಂಗರ್ ಕಾಣುತ್ತದೆ. ಉದ್ದಕ್ಕೂ ಮೆಲ್ಲಗೆ ಕುಟ್ಟುತ್ತ ಹೋಗಿ. ತೆಂಗಿನಕಾಯಿ ಬಡಿದು ನೋಡುತ್ತೇವಲ್ಲ, ಹಾಗೇ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಶಬ್ದ ಎಲ್ಲಿ ಬದಲಾಯಿತೋ ಅಲ್ಲಿ ನಿಲ್ಲಿ. ಆಮೇಲೆ ಮಾರುವವರ ಒಪ್ಪಿಗೆ ಕೇಳಿ ಎಂಜಿನ್ ಮೌಂಟಿನ ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿ ನೋಡಿ. ಬಿಗಿಯದೆ ಸುಮ್ನೆ ಸುತ್ತುತ್ತಿದ್ದರೆ ಕಥೆ ಮುಗಿಯಿತು. ಒಪ್ಪಿಗೆ ಕೊಡದಿದ್ದರೆ ಅದೂ ಒಂದು ಉತ್ತರವೇ.

ಇನ್ನೊಂದು ಉಪಾಯ ಇದೆ, ನನಗೆ ತುಂಬ ಇಷ್ಟದ್ದು. ಹೆದ್ದಾರಿ ಪಕ್ಕ ಟ್ರಕ್ ನಿಲ್ಲಿಸುವ ಕಡೆ ವೇಬ್ರಿಡ್ಜ್ ಇರುತ್ತದಲ್ಲ, ಬೋಟನ್ನು ಟ್ರೇಲರ್ ಸಮೇತ ಅಲ್ಲಿ ತೂಗಿಸಿ. ಟ್ರೇಲರ್, ಪೆಟ್ರೋಲ್, ಸಾಮಾನಿನ ತೂಕ ಕಳೆದು, ಹಳೆಯ ಬ್ರೋಷರ್‌ನಲ್ಲಿ ಕಂಪನಿ ಕೊಟ್ಟ ತೂಕದ ಪಕ್ಕ ಇಟ್ಟು ನೋಡಿ. ನೂರಾರು ಪೌಂಡ್ ಜಾಸ್ತಿ ಬಂದರೆ ಅದು ನೀರು. ಫೋಮಿನೊಳಗಿನ ನೀರಿಗೆ ನೀವು ಡಾಲರ್ ಕೊಡುತ್ತಿದ್ದೀರಿ.

ಈಗ ಎಂಜಿನ್. ಇದರಲ್ಲಿ ಸಾಮಾನ್ಯವಾಗಿ ಇರುವುದು ಫೋರ್ಡ್ 351, ಪಿಸಿಎಂ ಅನ್ನುವ ಬೋಟ್ ಎಂಜಿನ್ ಕಂಪನಿಯವರು ಬೋಟಿಗೆ ಹೊಂದಿಸಿದ್ದು. ಗಟ್ಟಿ ಎಂಜಿನ್, ಬಿಡಿಭಾಗವೂ ಸಿಗುತ್ತದೆ. ಇದಕ್ಕೆ ಕೆರೆಯ ನೀರೇ ಕೂಲಂಟ್. ಅದೇ ನಿಮ್ಮ ಊರಲ್ಲಿ ತೊಂದರೆ. ಒಂದೇ ಒಂದು ಚಳಿಗಾಲ ನೀರು ಖಾಲಿ ಮಾಡಲು ಮರೆತರೂ ಸಾಕು, ಒಳಗೆ ಮಂಜುಗಡ್ಡೆಯಾಗಿ ಬ್ಲಾಕ್ ಬಿರುಕು ಬಿಡುತ್ತದೆ. ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಎರಡೂ ಬದಿಗೆ ಟಾರ್ಚ್ ಹಾಕಿ ನೋಡಿ. ಅಡ್ಡಡ್ಡ ಒಂದು ತುಕ್ಕಿನ ಗೆರೆ, ಅಥವಾ ಅಂಟು ಮೆತ್ತಿ ಮೇಲೆ ಬಣ್ಣ ಹೊಡೆದ ಗುರುತು ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಆಯಿಲ್ ಡಿಪ್‌ಸ್ಟಿಕ್ ಎಳೆದಾಗ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೂ ಅಷ್ಟೇ. ಗೇರ್‌ಬಾಕ್ಸಿನ ಆಯಿಲ್ ಕೆಂಪಗಿರಬೇಕು, ಸ್ಟ್ರಾಬೆರಿ ಮಿಲ್ಕ್‌ಶೇಕ್ ಹಾಗೆ ಇರಬಾರದು.

‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿಡಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ, ಮಾಡಿಸಿ, ಎಂಟೂ ಸಿಲಿಂಡರ್‌ನ ಅಂಕಿ ಹತ್ತಿರ ಹತ್ತಿರ ಇರಬೇಕು. ಏಳು 140ರ ಆಸುಪಾಸಿನಲ್ಲಿದ್ದು ಒಂದು 95 ಇದ್ದರೆ ‘ರೀಬಿಲ್ಡ್’ ಅನ್ನುವ ಮಾತಿಗೆ ಬಿಲ್ ಕೇಳಿ. ಗಂಟೆ ಮೀಟರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಮೀಟರ್ ಬದಲಾಯಿಸುವುದು ಅರ್ಧ ಗಂಟೆ ಕೆಲಸ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಇದು ಕಾರಿನ ಎಂಜಿನ್ನೇ ಅಲ್ವಾ ಅಂತ ಕೆಲವರು ದುಡ್ಡು ಉಳಿಸಲು ಕಾರಿನ ಕಾರ್ಬುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್ ಹಾಕಿಬಿಡುತ್ತಾರೆ. ಕಾರಿನಲ್ಲಿ ಪೆಟ್ರೋಲ್ ಆವಿ ಕೆಳಗೆ ಬಿದ್ದು ಗಾಳಿಗೆ ಹೋಗುತ್ತದೆ. ಬೋಟಿನಲ್ಲಿ ಅದು ತಳದಲ್ಲೇ ನಿಲ್ಲುತ್ತದೆ, ಹೋಗಲು ಜಾಗವಿಲ್ಲ. ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್‌ಗಳ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮಾಡಿರುತ್ತಾರೆ. ಬೋಟಿನ ಕಾರ್ಬುರೇಟರ್ ಉಕ್ಕಿದರೆ ಪೆಟ್ರೋಲ್ ಹೊರಗೆ ಚೆಲ್ಲದೆ ಎಂಜಿನ್ ಒಳಗೇ ಹೋಗುತ್ತದೆ. ಕಾರಿನದ್ದು ಹೊರಗೆ ಚೆಲ್ಲುತ್ತದೆ. ಕಾರಿನ ಭಾಗ ಕಂಡರೆ, ಹೊಸದಾಗಿ ಹೊಳೆಯುತ್ತಿದ್ದರೂ, ಅದನ್ನು ಕಿತ್ತು ಸರಿಯಾದ್ದು ಹಾಕುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆ ಆವಿಯನ್ನು ಹೊರಗೆ ದೂಡುವ ಫ್ಯಾನು, ಬ್ಲೋವರ್, ಕೆಲಸ ಮಾಡುತ್ತದಾ ನೋಡಿ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಅದನ್ನು ಓಡಿಸಬೇಕು. ನಾಲ್ಕು ನಿಮಿಷ ಕಾಯದೆ ಕೀ ತಿರುಗಿಸುವ ಮಾಲೀಕನಾದರೆ ಬೋಟನ್ನು ಹೇಗೆ ನೋಡಿಕೊಂಡಿರಬಹುದು ಅಂತ ನೀವೇ ಲೆಕ್ಕ ಹಾಕಿ.

ನೀರಿಗಿಳಿಸದೆ ವ್ಯಾಪಾರ ಬೇಡ. ಒಂದೇ ಹಲಗೆಯ ಮೇಲೆ ತೇಲುಗುಂಡುಗಳನ್ನು ಸುತ್ತಿ ಹೋಗುವ ಸ್ಲಾಲಮ್‌ಗೆ ದೊಡ್ಡವರಿಗೆ ಬೇಕಾದ್ದು ಗಂಟೆಗೆ 34–36 ಮೈಲಿ. ಆ ವೇಗಕ್ಕೆ ತಂದು ನೇರ ಓಡಿಸಿ. ಸ್ಟಿಯರಿಂಗಿನಲ್ಲಿ, ಕಾಲ ಕೆಳಗೆ ನಡುಕ ಬಂದರೆ ಪ್ರೊಪೆಲ್ಲರ್ ಅಥವಾ ಶಾಫ್ಟ್ ಬಗ್ಗಿದೆ, ಇಲ್ಲವೇ ಶಾಫ್ಟ್ ಹಿಡಿದಿರುವ ಬುಶ್ ಸವೆದಿದೆ. ಇವೆಲ್ಲ ಸರಿಪಡಿಸಬಹುದಾದ್ದೇ, ಚೌಕಾಸಿಗೆ ಇಟ್ಟುಕೊಳ್ಳಿ. ಟ್ರೇಲರ್‌ನ ಟಯರು, ಬ್ರೇಕು, ಬೇರಿಂಗ್ ಕೂಡ ಹಾಗೆಯೇ.

ಕಾಗದಪತ್ರ: ಹಿಂಭಾಗದ ಬಲಮೂಲೆಯಲ್ಲಿ 12 ಅಕ್ಷರದ ನಂಬರ್ ಇರುತ್ತದೆ. ಇದು ಸಿಟಿಸಿ ಅಂತ ಶುರುವಾಗಿ 87 ಅಂತ ಮುಗಿಯಬೇಕು. ಟೈಟಲ್‌ನಲ್ಲೂ, ಅಂದರೆ ಒಡೆತನದ ಕಾಗದದಲ್ಲೂ, ಅದೇ ನಂಬರ್ ಇರಲಿ, ಬೋಟಿನ ಮೇಲೆ ಸಾಲ ಉಳಿದಿದೆಯಾ ಅಂತಲೂ ನೋಡಿ. ಟ್ರೇಲರ್‌ಗೆ ಬೇರೆ ಕಾಗದ.

ಬೆಲೆ? ಸ್ಟ್ರಿಂಗರ್ ಬದಲಾಯಿಸಿದ್ದಕ್ಕೆ ಫೋಟೋ ಇದ್ದು, ಎಂಜಿನ್ ಬಿಲ್ ಇದ್ದು, ನೀರಿನಲ್ಲಿ ಸರಿಯಾಗಿ ಓಡಿದರೆ 14,500 ನನ್ನ ಪ್ರಕಾರ ಜಾಸ್ತಿ ಏನಲ್ಲ. ಸ್ವಲ್ಪ ಇಳಿಸಿ ತಗೊಳ್ಳಿ. ಫೋಟೋ ಇಲ್ಲದಿದ್ದರೆ ಅದು ಚೆಂದದ ಸೀಟಿರುವ ಹಳೇ ಬೋಟ್, ಅಷ್ಟೇ. ಅರ್ಧ ಬೆಲೆಗಿಂತ ಮೇಲೆ ನಾನಂತೂ ಹೋಗುವುದಿಲ್ಲ, ಯಾಕೆಂದರೆ ಸ್ಟ್ರಿಂಗರ್ ಕೆಲಸವನ್ನು ವರ್ಕ್‌ಶಾಪಿಗೆ ಕೊಟ್ಟರೆ ಬಿಲ್ಲು ಬೋಟಿನ ಬೆಲೆಯನ್ನೇ ಮುಟ್ಟಬಹುದು. ಅನುಮಾನ ಉಳಿದರೆ ಬೋಟ್ ಪರೀಕ್ಷಿಸಿ ವರದಿ ಕೊಡುವ ಮರೀನ್ ಸರ್ವೇಯರ್ ಒಬ್ಬರನ್ನು ಕರೆಯಿರಿ. ನಿಮ್ಮ ಇನ್ಶೂರೆನ್ಸಿನವರೂ ಇಷ್ಟು ಹಳೇ ಬೋಟಿಗೆ ಆ ವರದಿ ಕೇಳಬಹುದು.

ಪ್ರಶ್ನೆ: ಎಂಜಿನ್ ಮಧ್ಯದಲ್ಲಿರುವ ಬೋಟ್ ಒಳ್ಳೆಯದಾ, ಹಿಂದೆ ಇರುವುದಾ? ಮನೆಯಲ್ಲಿ ಆರು ಜನ, ಸ್ಕೀ ಮಾಡುವವನು ನಾನೊಬ್ಬನೇ. (ಆಸ್ಟಿನ್‌ನಿಂದ ಒಬ್ಬರು)

ಉತ್ತರ: ಮಧ್ಯದಲ್ಲಿದ್ದರೆ ಡೈರೆಕ್ಟ್ ಡ್ರೈವ್. ಭಾರ ನಡುವೆ ಇರುವುದರಿಂದ ಹಿಂದೆ ಏಳುವ ಅಲೆ ಚಿಕ್ಕದು, ಸ್ಕೀಗೆ ಬೇಕಾದ್ದೇ ಅದು. ಆದರೆ ಹಾಲ್ ಮಧ್ಯ ಒರಳುಕಲ್ಲು ಇಟ್ಟ ಹಾಗೆ ಎಂಜಿನ್ ಪೆಟ್ಟಿಗೆ ಕೂತಿರುತ್ತದೆ, ಮಕ್ಕಳು ಅದನ್ನು ಸುತ್ತಿ ಓಡಾಡಬೇಕು. ಹಿಂದೆ ಇರುವುದು ವಿ-ಡ್ರೈವ್, ಜಾಗ ಜಾಸ್ತಿ, ಅಲೆಯೂ ದೊಡ್ಡದು, ಒಂದೇ ಅಗಲ ಹಲಗೆಯ ಮೇಲೆ ನಿಂತು ಅಲೆ ಹಾರುವ ವೇಕ್‌ಬೋರ್ಡ್‌ಗೆ ಸರಿ. ಐದು ಜನ ಕೂತು ನೋಡುವವರು, ನೀವೊಬ್ಬರು ಸ್ಕೀ ಮಾಡುವವರು ಅಂದರೆ ಓಟು ಎಣಿಸಿ, ನೀವು ಸೋತಿದ್ದೀರಿ. ವಿ-ಡ್ರೈವ್ ತಗೊಳ್ಳಿ.

ಪ್ರಶ್ನೆ: ನವೆಂಬರ್‌ನಲ್ಲಿ ಬೋಟ್ ಅಗ್ಗ ಅನ್ನುತ್ತಾರೆ. ಆದರೆ ಕೆರೆ ಹೆಪ್ಪುಗಟ್ಟುವ ಹೊತ್ತಿಗೆ ನೀರಿಗಿಳಿಸಿ ನೋಡುವುದು ಹೇಗೆ? (ಮ್ಯಾಡಿಸನ್, ವಿಸ್ಕಾನ್ಸಿನ್)

ಉತ್ತರ: ಅಗ್ಗ ನಿಜ. ಚಳಿಗಾಲ ಪೂರ್ತಿ ಇಟ್ಟುಕೊಳ್ಳುವ ಬಾಡಿಗೆ ತಪ್ಪಲಿ ಅಂತ ಮಾರುವವರು ಇಳಿಯುತ್ತಾರೆ. ಸುತ್ತಿಗೆ, ಬೋಲ್ಟು, ಕಂಪ್ರೆಷನ್, ತೂಕ, ಇವಕ್ಕೆ ಕೆರೆ ಬೇಕಾಗಿಲ್ಲ. ಉಳಿದದ್ದಕ್ಕೆ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಂಡು, ವಸಂತದಲ್ಲಿ ನೀರಿಗಿಳಿಸಿ ನೋಡಿದ ಮೇಲೆ ಬಾಕಿ ಅಂತ ಬರೆಸಿಕೊಳ್ಳಿ. ಒಪ್ಪದಿದ್ದರೆ ಇನ್ನೂ ಇಳಿಸಿ ಕೇಳಿ. ಮನೆಯಂಗಳದಲ್ಲೇ ಸ್ಟಾರ್ಟ್ ಮಾಡಿ ತೋರಿಸುತ್ತೇವೆ ಅಂದರೆ ಮೊದಲು ಪೈಪಿನಿಂದ ನೀರು ಕೊಡಿಸಿ, ನೀರಿಲ್ಲದೆ ಪಂಪಿನ ರಬ್ಬರ್ ಇಂಪೆಲ್ಲರ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಗೇರಿಗಂತೂ ಹಾಕಲೇ ಬೇಡಿ, ಹೊರಗಿನ ಶಾಫ್ಟ್ ಬುಶ್‌ಗೆ ಕೆರೆಯ ನೀರೇ ಎಣ್ಣೆ. ತೋರಿಸಿ ಮುಗಿದ ಮೇಲೆ ಬ್ಲಾಕಿನ ನೀರನ್ನು ನಿಮ್ಮ ಕಣ್ಣೆದುರೇ ಖಾಲಿ ಮಾಡಿಸಿ, ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಒಡೆದ ಎಂಜಿನ್ ನಿಮ್ಮದಾಗಿರುತ್ತದೆ.