ಹಸ್ಕಿ ಮರಿಯನ್ನು ಹುಳುಮನೆಯಲ್ಲಿ ಕಟ್ಟಬಹುದಾ?

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲೂಕು. ಎರಡು ಎಕರೆ ಹಿಪ್ಪುನೇರಳೆ ಇದೆ, ಮನೆ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಹುಳುಮನೆ. ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಸ್ನೇಹಿತ ಎರಡು ತಿಂಗಳ ಹಸ್ಕಿ ನಾಯಿಮರಿ ಕೊಡುತ್ತಾನಂತೆ. "ಹುಳುಮನೆ ಯಾವಾಗಲೂ ತಂಪಾಗೇ ಇರುತ್ತಲ್ಲಮ್ಮ, ಬೇಸಿಗೇಲಿ ಅಲ್ಲೇ ಕಟ್ಟೋಣ" ಅಂತಾನೆ. ನಮ್ಮ ಯಜಮಾನರು ರೇಷ್ಮೆಗೂಡಿಗೆ ಕಾವಲು ಆಗುತ್ತೆ ಅಂತಾರೆ. ಮುದ್ದೆ, ಹಾಲು ಹಾಕಿ ಸಾಕಬಹುದಾ? ಮನೆಯಲ್ಲಿ ನಾಲ್ಕು ಕುರಿ, ಒಂದಷ್ಟು ನಾಟಿಕೋಳಿ ಇವೆ. ದಿನಾ ನೋಡಿಕೊಳ್ಳಬೇಕಾದವಳು ನಾನೇ.

ಉತ್ತರ: ನಿಮ್ಮ ಪತ್ರದ ಕೊನೇ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ ತಾಯೀ. ದಿನಾ ನೋಡಿಕೊಳ್ಳಬೇಕಾದವರು ನೀವೊಬ್ಬರೇ ಆದರೆ ಈ ಮರಿ ತರಬೇಡಿ. ಮಗನಿಗೆ ಬೇಜಾರಾಗಬಹುದು, ಆಗಲಿ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೇ ನಿದ್ದೆ, ಎದ್ದು ಸೊಪ್ಪಿಗೆ ಮುಗಿಬೀಳುವ ಆ ಒಂದು ವಾರ ನಿಮಗೆ ಕೂತು ಊಟ ಮಾಡಲೂ ಪುರುಸೊತ್ತು ಇರುವುದಿಲ್ಲ, ಅಲ್ವಾ? ಆ ವಾರವೂ ಹಸ್ಕಿಗೆ ಬಿಸಿಲು ಏರುವ ಮೊದಲು ಒಂದು ಗಂಟೆ ಓಟ ಬೇಕು. ಕತ್ತಲಾದ ಮೇಲೆ ಮತ್ತೊಂದು ಸಲ ಬೇಕು.

ಇದು ಆ ನಾಯಿಯ ಹಟ ಅಲ್ಲ, ಹುಟ್ಟುಗುಣ. ಸೈಬೀರಿಯಾದ ಈಶಾನ್ಯ ಮೂಲೆಯಲ್ಲಿ ಚುಕ್ಚಿ ಅನ್ನೋ ಜನ ಇದ್ದಾರೆ. ಹಿಮದ ಮೇಲೆ ಹಗುರ ಹೊರೆಯನ್ನು ಬಹಳ ದೂರ ಎಳೆಯಲಿ ಅಂತ ತಲೆತಲಾಂತರದಿಂದ ಬೆಳೆಸಿಕೊಂಡು ಬಂದ ನಾಯಿ ಇದು. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಊರಿನ ಮಕ್ಕಳಿಗೆ ಗಂಟಲಮಾರಿ ಬಂತು. ಔಷಧ ತರಲು ಬೇರೆ ದಾರಿ ಇರಲಿಲ್ಲ. ಆಗ ಸುಮಾರು 1,080 ಕಿಲೋಮೀಟರ್ ದೂರದಿಂದ ನಾಯಿಗಾಡಿಗಳವರು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಅದನ್ನು ತಂದು ಮುಟ್ಟಿಸಿದರು. ಟೋಗೋ, ಬಾಲ್ಟೋ ಅನ್ನೋ ನಾಯಿಗಳ ಹೆಸರು ಇವತ್ತಿಗೂ ಉಳಿದಿರುವುದು ಆ ಓಟದಿಂದ. ಅಂಥ ಕಾಲುಗಳನ್ನು ನಾಲ್ಕು ಅಡಿ ಸರಪಳಿಯಲ್ಲಿ ಕಟ್ಟಿದರೆ ಅದು ನೆಲ ಅಗೆಯುತ್ತದೆ, ಬಾಗಿಲು ಕೆರೆಯುತ್ತದೆ, ರಾತ್ರಿಯೆಲ್ಲ ಊಳಿಡುತ್ತದೆ.

ಇನ್ನು ಹುಳುಮನೆ ವಿಷಯ. ನಿಮ್ಮ ಮಗ ಯೋಚನೆ ಮಾಡಿಯೇ ಹೇಳಿದ್ದಾನೆ, ಆದರೆ ಅಲ್ಲಿರುವುದು ನಾಯಿಗೆ ಬೇಕಾದ ತಂಪು ಅಲ್ಲ. ನೀವು ಗೋಣಿಚೀಲ ಒದ್ದೆ ಮಾಡಿ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಒಳಗೆ 25 ಡಿಗ್ರಿ ಆಸುಪಾಸು ಇಡುತ್ತೀರಿ. ಜೊತೆಗೆ ತೇವ ನೂರಕ್ಕೆ 70–80ರಷ್ಟು ಇರುತ್ತದೆ. ಸೊಪ್ಪು ಬಾಡದಿರಲು ಅದು ಬೇಕೇ ಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಲ್ಲಿ ಒಂದಿಷ್ಟು ಮಾತ್ರ. ನಾಲಿಗೆ ಚಾಚಿ ತೇಕಿ, ಬಾಯಿಯ ನೀರು ಆರಿದಾಗಲೇ ಅದರ ಮೈ ತಣಿಯುವುದು. ಗಾಳಿಯಲ್ಲೇ ಅಷ್ಟು ತೇವ ಇದ್ದರೆ ನೀರು ಬೇಗ ಆರುವುದಿಲ್ಲ, ತೇಕಿದ್ದಕ್ಕೆ ತಕ್ಕ ತಂಪು ಸಿಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಒಳಗಿನ ಬಿಸಿಯೂ ಏರಿತು ಅಂದುಕೊಳ್ಳಿ. ಮೈಮೇಲೆ ಎರಡು ಪದರ ತುಪ್ಪಳ ಹೊತ್ತ ನಾಯಿಗೆ ಆ ಕೋಣೆಯೇ ಅಪಾಯ.

ಅದಕ್ಕಿಂತ ದೊಡ್ಡ ಭಯ ನನಗೆ ನಿಮ್ಮ ಹುಳುಗಳದ್ದು. ನಮ್ಮ ಕಡೆ ಉಣ್ಣೆ, ಅಂದರೆ ರಕ್ತ ಹೀರುವ ಉಣ್ಣಿ, ಇಲ್ಲದ ನಾಯಿ ಇಲ್ಲ. ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ಎಷ್ಟೋ ನಾಯಿಗಳು ಸಾಯುತ್ತವೆ, ಹಾಗಾಗಿ ಔಷಧ ಹಾಕದೆ ವಿಧಿ ಇಲ್ಲ. ಹಸ್ಕಿಯ ಬೆನ್ನ ಮೇಲೆ ಎರಡೂ ಹೆಬ್ಬೆರಳಿಂದ ತುಪ್ಪಳ ಬಿಡಿಸಿ ನೋಡಿ. ಮೇಲಿನ ಒರಟು ಕೂದಲು ಸರಿದರೆ ಅಡಿಯಲ್ಲಿ ಹಿಂಜಿದ ಹತ್ತಿಯಂಥ ಬಿಳಿ ಪದರ. ಅದನ್ನೂ ಊದಿ ಬಿಡಿಸಿದರೆ ಮಾತ್ರ ಚರ್ಮ ಕಾಣುತ್ತದೆ. ಉಣ್ಣೆ ಕೂರುವುದು ಅಲ್ಲಿ. ಕೈಯಲ್ಲಿ ಆರಿಸಿ ಮುಗಿಯುವ ಕೆಲಸವಲ್ಲ. ಅಂಗಡಿಯಲ್ಲಿ ಸಿಗುವ ಉಣ್ಣೆ ಸ್ಪ್ರೇ, ಶಾಂಪೂ, ಬೆನ್ನಿಗೆ ಬಿಡುವ ಹನಿ, ಕೊರಳಪಟ್ಟಿ, ಇವುಗಳಲ್ಲಿ ಬಹಳಷ್ಟರಲ್ಲಿ ಇರುವುದು ಕೀಟನಾಶಕವೇ. ಪಕ್ಕದ ತೋಟದವರು ಟೊಮೆಟೊಗೆ ಹೊಡೆದ ಔಷಧ ಗಾಳಿಯಲ್ಲಿ ನಿಮ್ಮ ಸೊಪ್ಪಿಗೆ ತಾಗಿದರೆ ಹುಳು ಹೇಗೆ ಒದ್ದಾಡಿ ಬಾಯಲ್ಲಿ ನೀರು ಕಕ್ಕುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ನಾಯಿಯನ್ನು ತಡವಿದ ಕೈಯಲ್ಲಿ ಸೊಪ್ಪು ಹಾಕಿದರೂ ಅದೇ ಗತಿ ಆಗಬಹುದು. ನಿಮ್ಮ ಮನೆಯಲ್ಲಿ ಈಗಾಗಲೇ ಬೇರೆ ನಾಯಿ ಇದ್ದರೂ ಈ ಮಾತು ಗಮನದಲ್ಲಿರಲಿ. ಡಾಕ್ಟರ್ ಹತ್ತಿರ ಬಾಯಿಗೆ ಕೊಡುವ ಮಾತ್ರೆಯನ್ನೇ ಕೇಳಿ ತನ್ನಿ. ಕೈ ಸೋಪಿನಲ್ಲಿ ತೊಳೆಯದೆ ಹುಳುಮನೆ ಬಾಗಿಲು ತೆಗೆಯಬೇಡಿ.

ಕಾವಲು? ಹಸ್ಕಿ ಕಾವಲಿಗೆ ಆಗುವುದಿಲ್ಲ. ಗೂಡು ಕದಿಯಲು ಬಂದವನನ್ನೂ ಬಾಲ ಅಲ್ಲಾಡಿಸಿ ಕರೆಯುವಷ್ಟು ಸ್ನೇಹ ಅದಕ್ಕೆ. ಕೋಳಿ, ಬೆಕ್ಕು ಕಂಡರೆ ಮಾತ್ರ ಅಟ್ಟಿಸಿಕೊಂಡು ಹೋಗುತ್ತದೆ, ಕುರಿಮರಿಯನ್ನೂ ನಂಬಿ ಬಿಡುವಂತಿಲ್ಲ.

ಮುದ್ದೆ ಬಗ್ಗೆ ಕೇಳಿದ್ದೀರಿ. ನಾಟಿ ನಾಯಿ ಮುದ್ದೆ ತಿಂದು ಚೆನ್ನಾಗಿಯೇ ಇರುತ್ತದೆ. ಹಸ್ಕಿ ಜಾತಿಯಲ್ಲಿ ಕೆಲವಕ್ಕೆ ಆಹಾರದ ಸತು, ಅಂದರೆ ಜಿಂಕ್, ಸರಿಯಾಗಿ ಮೈಗೆ ಹತ್ತುವುದಿಲ್ಲ. ಬರೀ ರಾಗಿ, ಅಕ್ಕಿ ಹಾಕಿದರೆ ಕಾಳಿನಲ್ಲಿರುವ ಅಂಶ ಇದ್ದ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿನ ಸುತ್ತ, ಮೂತಿಯ ಅಂಚಿನಲ್ಲಿ ಕೂದಲು ಉದುರಿ ಹಕ್ಕಳೆ ಕಟ್ಟುತ್ತದೆ. ಎಷ್ಟೋ ಜನ ಅದನ್ನು ಕಜ್ಜಿ ಅಂದುಕೊಂಡು ಮುಲಾಮು ಹಚ್ಚುತ್ತಾ ತಿಂಗಳು ಕಳೆಯುತ್ತಾರೆ. ಮಾಂಸ, ಮೊಟ್ಟೆ ಇಲ್ಲದೆ ಈ ಜಾತಿಯನ್ನು ಸಾಕಲು ಹೋಗಬಾರದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ಯಾವ ನಾಯಿಗೂ ಬೇಡ, ಅದರಿಂದ ರಕ್ತ ಕೆಡುತ್ತದೆ.

ಮಗನಿಗೆ ನಾಯಿಯ ಆಸೆ ಇದ್ದರೆ ನಿಮ್ಮೂರಿನ ಬೀದಿಯಲ್ಲೇ ಒಂದು ಆರೋಗ್ಯವಾದ ನಾಟಿ ಮರಿ ಹುಡುಕಿ. ಲಸಿಕೆ ಹಾಕಿಸಿ, ಆರೇಳು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗೂಡಿಗೆ ಕಾವಲೂ ಆಗುತ್ತದೆ, ನಿಮ್ಮ ಬಿಸಿಲೂ ಅದಕ್ಕೆ ಗೊತ್ತು.

ಪ್ರಶ್ನೆ: ನಮ್ಮದು ಕೋಲಾರ ಟೌನು ಮೇಡಂ. ಮೂರು ವರ್ಷದ ಹಸ್ಕಿ ಇದೆ. ಬೇಸಿಗೆಗೆ ಮೈ ಬೋಳಿಸಿದರೆ ತಂಪಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮಾಡಿಸಲಾ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಮೇಲಿನ ಕೂದಲು ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೆಲವು ಹಸ್ಕಿಗಳಿಗೆ ಕೂದಲು ಮತ್ತೆ ಮೊದಲಿನಂತೆ ಬರುವುದೇ ಇಲ್ಲ. ತೆಗೆಯಬೇಕಾದ್ದು ಒಳಗಿನ ಸತ್ತ ತುಪ್ಪಳ. ವರ್ಷಕ್ಕೆ ಒಂದೆರಡು ಸಲ ಅದು ಕಂತೆಕಂತೆಯಾಗಿ ಬಿಡುತ್ತದೆ. ಆಗ ದಿನಾ ಬಾಚಿ ತೆಗೆದರೆ ಗಾಳಿ ಒಳಗೆ ಆಡುತ್ತದೆ.

ಬೆಳಗ್ಗೆ ಎಂಟರ ಮೇಲೆ ಸಂಜೆ ತನಕ ಹೊರಗೆ ಓಡಿಸಬೇಡಿ. ಸಂಜೆಯೂ ಸಿಮೆಂಟ್ ನೆಲಕ್ಕೆ ನಿಮ್ಮ ಹಿಂಗೈ ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ವಸಡು ಕೆಂಪಗಾಗಿ, ಅಂಟು ಜೊಲ್ಲು ಸುರಿಸುತ್ತಾ ತೂರಾಡಿದರೆ ಬಿಸಿಲು ಬಡಿದಿದೆ ಎಂದು ತಿಳಿಯಿರಿ. ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸಹಜ, 41 ದಾಟಿದರೆ ಜೀವಕ್ಕೇ ಅಪಾಯ. ತಕ್ಷಣ ನೆರಳಿಗೆ ತಂದು ಮೈಯೆಲ್ಲ ನೆನೆಯುವ ಹಾಗೆ ನೀರು ಸುರಿಯಿರಿ, ಹೊಟ್ಟೆ, ತೊಡೆಸಂದಿಗೂ ಸುರಿದು ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿ ಹಿಡಿದಿಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡಂತೆ ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೂತ್ರಪಿಂಡಕ್ಕೆ ಆದ ಪೆಟ್ಟು ಒಂದೆರಡು ದಿನ ಬಿಟ್ಟೂ ಕಾಣಿಸಬಹುದು.

ಪ್ರಶ್ನೆ: ತುಮಕೂರಿನಿಂದ. ನಮ್ಮ ಹಸ್ಕಿ ಕಾಂಪೌಂಡ್ ಹಾರಿ ಎರಡು ಸಲ ತಪ್ಪಿಸಿಕೊಂಡಿದೆ. ಏನು ಮಾಡಲಿ?

ಉತ್ತರ: ಗೋಡೆ ಆರಡಿಗೆ ಏರಿಸಿ, ಗೇಟಿನ ಕೆಳಗೆ ಕಲ್ಲು ಹಾಸಿ. ಹಾರಲಾಗದಿದ್ದರೆ ಅದು ಅಗೆಯುತ್ತದೆ. ಓಟ ಜಾಸ್ತಿ ಮಾಡಿಸಿ, ಆದರೆ ಎದೆಪಟ್ಟಿ ಹಾಕಿ ಹಗ್ಗ ಹಿಡಿದೇ ಓಡಿಸಿ. ಎಷ್ಟೇ ಪಳಗಿದ್ದರೂ ಬಯಲಲ್ಲಿ ಬಿಚ್ಚಿಬಿಟ್ಟ ಹಸ್ಕಿ ಕರೆದರೆ ಬರುತ್ತದೆ ಅಂತ ನಂಬಬೇಡಿ. ಕೊರಳಿಗೆ ನಿಮ್ಮ ಫೋನ್ ನಂಬರಿನ ಬಿಲ್ಲೆಯನ್ನು ಇವತ್ತೇ ಕಟ್ಟಿ. ರೇಬೀಸ್ ಚುಚ್ಚುಮದ್ದಿನ ವರ್ಷ ಮುಗಿದಿದೆಯಾ ಅಂತಲೂ ಕಾರ್ಡ್ ತೆಗೆದು ನೋಡಿ.