ಮಳೆಗಿಂತ ಮೊದಲು ಟೈರು: ಪುಣೆಗೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಧಾರವಾಡದಿಂದ ವರ್ಗವಾಗಿ ಪುಣೆಗೆ ಬಂದಿರುವ ನೀವು, 42,000 ಕಿಲೋಮೀಟರ್ ಓಡಿರುವ ಕಾರಿನ ಟೈರುಗಳನ್ನು ಈ ಮಳೆಗಾಲಕ್ಕೆ ಮೊದಲೇ ಬದಲಿಸಬೇಕೆ, ಎರಡನ್ನೇ ಬದಲಿಸಿದರೆ ನಡೆದೀತೆ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿದ್ದು, ವರ್ಷಕ್ಕೆ ಮೂರು ನಾಲ್ಕು ಬಾರಿ ಕಾರಿನಲ್ಲೇ ಊರಿಗೆ ಹೋಗಿಬರುವ ನಾನು ಹೇಳುವುದಿಷ್ಟು: ಬದಲಿಸುವುದಾದರೆ ಜೂನ್‌ವರೆಗೆ ಕಾಯದೆ ಮೇ ಮಧ್ಯದೊಳಗೆ ಹಾಕಿಸಿಬಿಡಿ. ಟೈರನ್ನು ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದಾರ್ಥ ಹೊಸ ಟೈರಿನ ಮೇಲೆ ಉಳಿದಿರುತ್ತದೆ. ಒಣರಸ್ತೆಯಲ್ಲಿ ಕೆಲವು ನೂರು ಕಿಲೋಮೀಟರ್ ಓಡಿ ಅದು ಸವೆದ ಮೇಲೆಯೇ ಪೂರ್ತಿ ಹಿಡಿತ ಬರುತ್ತದೆ.

ಓಡಿದ ಕಿಲೋಮೀಟರ್‌ಗಿಂತ ಟೈರಿನ ಗೀರುಗಳಲ್ಲಿ ಉಳಿದಿರುವ ಆಳ ಮುಖ್ಯ. ಬೆಂಕಿಕಡ್ಡಿಯೊಂದನ್ನು ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ರಬ್ಬರಿನ, ಗೀರಿನೊಳಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು ಸ್ಕೇಲಿನ ಮೇಲಿಟ್ಟು ನೋಡಿ. ಹೊಸ ಟೈರಿನಲ್ಲಿ ಆಳ ಸುಮಾರು 7-8 ಮಿಲಿಮೀಟರ್ ಇರುತ್ತದೆ. ಗೀರಿನ ತಳದಲ್ಲಿರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ರಬ್ಬರು ಸವೆದರೆ 1.6 ಮಿಲಿಮೀಟರ್ ಉಳಿದಿದೆ ಎಂದರ್ಥ, ಕಾನೂನಿನ ಮಿತಿಯೂ ಅದೇ. ಆದರೆ ಚಕ್ರದ ಅಡಿಯ ನೀರನ್ನು ಹೊರಗೆ ತಳ್ಳಬೇಕಾದವು ಈ ಗೀರುಗಳೇ ಆದ್ದರಿಂದ, ಪುಣೆಯ ಪಶ್ಚಿಮಕ್ಕಿರುವ ತಾಮ್ಹಿಣಿ ಘಾಟಿನಲ್ಲಿ ಸುರಿಯುವಂಥ ಮಳೆಯಲ್ಲಿ ಓಡಿಸುವವರು 3 ಮಿಲಿಮೀಟರ್‌ಗೆ ಬಂದಾಗಲೇ ಬದಲಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಎರಡೇ ಹಾಕಿಸುವುದಾದರೆ ಹೊಸವು ಹಿಂದಿನ ಚಕ್ರಗಳಿಗೇ ಹೋಗಬೇಕು. ಇದನ್ನು ನಾನು ಕಲಿತದ್ದು 2017ರ ಜುಲೈನಲ್ಲಿ. ಮುಂದಿನವು ಬೇಗ ಸವೆಯುತ್ತವೆಂದು ಅಂಗಡಿಯವರು ಹೊಸ ಜೋಡಿಯನ್ನು ಮುಂದಕ್ಕೆ ಹಾಕಿದ್ದರು, ನಾನೂ ಒಪ್ಪಿದ್ದೆ. ಊರಿನಿಂದ ಮರಳುವಾಗ ಸಾತಾರಾ-ಪುಣೆ ನಡುವಿನ ಖಂಬಾಟಕಿ ಘಾಟಿನ ಸುರಂಗ ದಾಟಿ ಇಳಿಜಾರಿನ ತಿರುವಿಗೆ ಬರುತ್ತಿದ್ದಂತೆ, ಮುಂಭಾಗ ರಸ್ತೆಯನ್ನು ಕಚ್ಚಿ ಹಿಡಿದಿದ್ದರೂ ಹಿಂಭಾಗ ಎಡಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿ ತಾಯಿ ಮಲಗಿದ್ದರು. ಪಕ್ಕದಲ್ಲಿ ಲಾರಿ ಇರಲಿಲ್ಲವಾದ್ದರಿಂದ ಉಳಿದೆವು. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ವೇಗ ತಗ್ಗಿಸಿದರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ, ನಮ್ಮಂಥವರಿಗೆ ಅದನ್ನು ಸಂಭಾಳಿಸುವುದು ಸುಲಭವಲ್ಲ.

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದಿ. 1824 ಎಂದಿದ್ದರೆ 2024ರ 18ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಟೈರನ್ನು ರಿಯಾಯಿತಿಯ ಆಸೆಗೆ ಒಯ್ಯಬೇಡಿ. ಓಡದಿದ್ದರೂ ರಬ್ಬರು ಗಟ್ಟಿಯಾಗುತ್ತದೆ, ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಬೇಸಿಗೆಯಲ್ಲಿ ಟೈರು ಒಡೆದೀತೆಂದು ಗಾಳಿ ಕಡಿಮೆ ಇಡುವ ರೂಢಿ ನಮ್ಮವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಸಿಯೇರುತ್ತವೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿನ ಮೇಲೆ ಮೇ ಮಧ್ಯಾಹ್ನ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಪಾಯ ತರುವುದು ಆ ಬಿಸಿಯೇ. ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿಯನ್ನು, ಬೆಳಿಗ್ಗೆ ಟೈರು ತಣ್ಣಗಿರುವಾಗ ಹಿಡಿಸಿ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಒತ್ತಡ ಹೆಚ್ಚುಕಡಿಮೆ 2 ಪಿಎಸ್ಐ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿಯುವುದರಿಂದ ಡಿಸೆಂಬರಿನಲ್ಲಿ ಮತ್ತೊಮ್ಮೆ ನೋಡಿಸಬೇಕು. ಸ್ಟೆಪ್ನಿಯನ್ನು ಮರೆಯಬೇಡಿ.

ನಿಮ್ಮ ಟೈರುಗಳ ಆಳವನ್ನೂ ತಯಾರಿಕೆಯ ಅಂಕಿಗಳನ್ನೂ ಬರೆದು ತಿಳಿಸಿ. ಅನುಮಾನವಿದ್ದರೆ ಭಾನುವಾರ ಬೆಳಿಗ್ಗೆ ಕಾರನ್ನು ನಮ್ಮ ಮನೆಗೇ ತನ್ನಿ. ಕೂತು ಅಳೆದು ನೋಡೋಣ, ಅಂಗಡಿಗೂ ಜೊತೆಗೆ ಬರುತ್ತೇನೆ.