ನೀರು ಬೇಕಾದಾಗ ಚಪ್ಪಲಿ ಅಂತಾರೆ

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಬಿದ್ದುಹೋಯ್ತು, ಮಾತೂ ಹೋಯ್ತು. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕ್ತಾರೆ. ನಾವು ಹೇಳಿದ್ದು ಅರ್ಥ ಆಗುತ್ತೆ. ಮೊನ್ನೆ ನೀರು ಕೇಳೋಕೆ ಹೋಗಿ "ಚಪ್ಪಲಿ, ಚಪ್ಪಲಿ" ಅಂದರು. ಆರು ವರ್ಷದ ಮಗ ಓಡಿಹೋಗಿ ಚಪ್ಪಲಿ ತಂದಿಟ್ಟ. ಅದನ್ನ ಎಡಗೈಯಲ್ಲಿ ಎತ್ತಿ ಗೋಡೆಗೆ ಎಸೆದು ಅಳೋಕೆ ಶುರು ಮಾಡಿದರು. ಅವತ್ತಿಂದ ಮಗ ಆ ರೂಮಿಗೇ ಹೋಗಲ್ಲ. ಹನ್ನೊಂದು ವರ್ಷದ ಮಗಳು ಸ್ಕೂಲ್ ಬಿಟ್ಟು ಅಪ್ಪನ್ನ ನೋಡ್ಕೋತೀನಿ ಅಂತಾಳೆ. ಆರು ತಿಂಗಳು ದಾಟಿದರೆ ಆಮೇಲೆ ಸುಧಾರಿಸಲ್ಲವಂತೆ, ನಿಜವಾ? ಅತ್ತೆ ಪಾರಿವಾಳದ ರಕ್ತ ಹಚ್ಚಿಸೋಣ ಅಂತಾರೆ. ಅವರದು ಸರ್ಕಾರಿ ಕೆಲಸ, ಆಫೀಸಿನವರು ರಾಜೀನಾಮೆ ಕೇಳ್ತಿದ್ದಾರೆ. ನನಗೆ ನಿದ್ದೆ ಅನ್ನೋದೇ ಇಲ್ಲ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲು ಆಫೀಸಿನ ವಿಷಯ. ಯಜಮಾನರಿಂದ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ, ಹೆಬ್ಬೆಟ್ಟೂ ಒತ್ತಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸರ್ಕಾರಿ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗೂ ಇಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿ.

ಇನ್ನು ಚಪ್ಪಲಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಹೆಚ್ಚಿನವರಲ್ಲಿ ಮಾತಿನ ಜಾಗ ಮಿದುಳಿನ ಎಡಭಾಗದಲ್ಲಿರುತ್ತೆ, ಬಲಗಡೆ ಕೈಕಾಲು ನಡೆಸೋದೂ ಆ ಭಾಗವೇ, ಅದಕ್ಕೇ ಎರಡೂ ಒಟ್ಟಿಗೆ ಹೋಗಿವೆ. ಹೀಗೆ ಮಾತು ಹೋಗೋದನ್ನ ಡಾಕ್ಟರು ಅಫೇಸಿಯಾ ಅಂತಾರೆ. ಅವರಿಗೆ ಬೇಕಿದ್ದದ್ದು ನೀರೇ, ಬಾಯಿಗೆ ಬಂದಿದ್ದು ಮಾತ್ರ ಬೇರೆ. ಇದನ್ನ ಮಗನಿಗೆ ಹೀಗೇ ಹೇಳಿ, "ಅಪ್ಪನಿಗೆ ನಿನ್ನ ಮೇಲೆ ಸಿಟ್ಟಿಲ್ಲ ಕಣೋ, ಮಾತು ದಾರಿ ತಪ್ತು ಅಂತ ಸಿಟ್ಟು." ಆರು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತೆ. ಏನೂ ಹೇಳದೆ ಬಿಟ್ಟರೆ ತಪ್ಪು ತನ್ನದೇ ಅಂದುಕೊಳ್ಳುತ್ತೆ.

ಅವನ ಕೈಯಲ್ಲೇ ಒಂದು ನೋಟ್‌ಬುಕ್‌ನಲ್ಲಿ ಲೋಟ, ತಟ್ಟೆ, ಫ್ಯಾನು, ಬಚ್ಚಲಿನ ಚಿತ್ರ ಬರೆಸಿ. ಅಪ್ಪ ಬೆರಳಿಟ್ಟು ತೋರಿಸಲಿ. ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಪ್ರಶ್ನೆ, "ನೀರು ಬೇಕಾ?" ಅಂತ ಕೇಳಿ ಕಾಯಬೇಕು, ಅವರ ಮಾತನ್ನ ನಾವೇ ಮುಗಿಸೋಕೆ ಹೋಗಬಾರದು. ನಮ್ಮ ಮಾವನವರಿಗೆ ಲಕ್ವ ಹೊಡೆದಾಗ ನನಗೆ ತುಂಬಾ ಕಷ್ಟವಾಗಿದ್ದು ಈ ಕಾಯೋದೇ. ಒಂದು ಎರಡು ಎಣಿಸೋದು, ವಾರದ ಹೆಸರು, ಬಾಯಿಪಾಠದ ಭಜನೆ, ಇವು ಎಷ್ಟೋ ಜನರಿಗೆ ಬೇರೆ ಮಾತಿಗಿಂತ ಸುಲಭವಾಗಿ ಬರುತ್ತವೆ. ಮಗ ಮಗ್ಗಿ ಹೇಳುವಾಗ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿ. ಮಾತಿನ ತರಬೇತಿಗೆ ನಿಮಗೆ ಮೈಸೂರು ದೂರವಲ್ಲ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆರು ತಿಂಗಳ ಗಡುವು ಸುಳ್ಳು. ಮೊದಲ ಕೆಲವು ತಿಂಗಳು ಬೇಗ ಸುಧಾರಿಸ್ತಾರೆ, ಆಮೇಲೆ ನಿಧಾನ, ಆದರೆ ಅಲ್ಲಿಗೇ ನಿಂತುಹೋಗಬೇಕು ಅಂತಿಲ್ಲ, ಮಾತಂತೂ ವರ್ಷಗಳ ಮೇಲೂ ಸುಧಾರಿಸಬಹುದು. ಪಾರಿವಾಳದ ರಕ್ತದಿಂದ ಏನೂ ಆಗಲ್ಲ. ಅತ್ತೆಯವರ ಹತ್ತಿರ ಜಗಳ ಬೇಡ, ಬಿಪಿ ಮಾತ್ರೆ, ರಕ್ತ ತೆಳುವಾಗಿಸೋ ಮಾತ್ರೆ ಕೊಟ್ಟಿದ್ದರೆ ಅದು, ಒಂದು ಹೊತ್ತೂ ತಪ್ಪದ ಹಾಗೆ ಕೊಡೋ ಜವಾಬ್ದಾರಿ ಅವರಿಗೇ ಕೊಡಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರಬಹುದು. ಕೂತಾಗ ಆ ಕೈ ಕೆಳಗೆ ದಿಂಬಿಡಿ. ಅಳು ಜಾಸ್ತಿಯಿದ್ದರೆ ಡಾಕ್ಟರಿಗೆ ಹೇಳಿ, ಸ್ಟ್ರೋಕ್ ಆದವರಲ್ಲಿ ಖಿನ್ನತೆ ಬರೋದು ಮಾಮೂಲು, ಔಷಧಿ ಇದೆ.

ಮಗಳು ಸ್ಕೂಲ್ ಬಿಡಬಾರದು, ಇದರಲ್ಲಿ ಎರಡು ಮಾತಿಲ್ಲ. ಅಪ್ಪನ್ನ ತೊಳೆಯೋದು, ಬಟ್ಟೆ ಬದಲಿಸೋದು ಅವಳ ಪಾಲಿಗೆ ಬರಬಾರದು. ಸಂಜೆ ಹತ್ತು ನಿಮಿಷ ಪೇಪರ್ ಓದಿ ಹೇಳಲಿ, ಸಾಕು.

ಕೊನೆಗೆ ನೀವು. ವಾರದಲ್ಲಿ ಎರಡು ರಾತ್ರಿ ಅವರ ತಮ್ಮನೋ ನಿಮ್ಮ ಅಣ್ಣನೋ ಬಂದು ಅವರ ಪಕ್ಕ ಮಲಗಲಿ. "ಏನಾದ್ರೂ ಸಹಾಯ ಬೇಕಾ" ಅಂತ ಕೇಳಿದವರಿಗೆ ದಿನ ಹೇಳಿ, ಮಂಗಳವಾರ, ಶನಿವಾರ ಅಂತ. ಮನಸ್ಸು ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ಎರಡು ರಾತ್ರಿ ಮಕ್ಕಳ ರೂಮಲ್ಲಿ ಬಾಗಿಲು ಹಾಕಿಕೊಂಡು ಮಲಗಿ.